ಪ್ರೊಫೈಲರ್ ಕೊಟ್ಟರಷ್ಟೇ ಸಾಲದು

ತಂತ್ರಾಂಶ ಎಲ್ಲಿ ಹೊತ್ತು ಕಳೆಯುತ್ತಿದೆ ಎಂದು ತೋರಿಸುವ ಪ್ರೊಫೈಲರ್‌ಗಳಲ್ಲಿ ಲಿನಕ್ಸಿಗೆ ತೀರ ಹತ್ತಿರದ್ದು ಪರ್ಫ್. 2009ರಲ್ಲಿ ಕರ್ನಲ್ 2.6.31ರ ಜೊತೆ ಬಂದ ಇದರ ಸೋರ್ಸ್ ಕೋಡ್ ಇಂದಿಗೂ ಕರ್ನಲ್ಲಿನ ಕಡತಗಳ ನಡುವೆಯೇ ಇದೆ. ಡೆಬಿಯನ್, ಫೆಡೋರಾ, ಉಬುಂಟು ಮೂರೂ ಡಿಸ್ಟ್ರೋಗಳಲ್ಲಿ ಇದರ ಪ್ಯಾಕೇಜ್ ಸಿಗುತ್ತದೆ. ಅಲ್ಲಿಗೆ ಡಿಸ್ಟ್ರೋದವರ ಕೆಲಸ ಮುಗಿಯಿತೆ? ಇಲ್ಲ. ಬೇರೆ ಪ್ಯಾಕೇಜುಗಳು ತಮ್ಮ ಪಾಡಿಗೆ ಓಡಿದರೆ ಸಾಕು. ಪ್ರೊಫೈಲರ್ ಹೇಳುವುದು ಎಷ್ಟು ನಿಜ ಎಂಬುದು ಮಾತ್ರ ಉಳಿದ ಸಾವಿರಾರು ಪ್ಯಾಕೇಜುಗಳನ್ನು ಹೇಗೆ ಕಂಪೈಲ್ ಮಾಡಿದ್ದಾರೆ ಎಂಬುದನ್ನೇ ಅವಲಂಬಿಸಿದೆ.

ಪರ್ಫ್ ಸೆಕೆಂಡಿಗೆ ಸಾವಿರಾರು ಸಲ ಇಣುಕಿ, ಆ ಗಳಿಗೆಯಲ್ಲಿ ಓಡುತ್ತಿದ್ದ ಫಂಕ್ಷನ್ ಯಾವುದು, ಅದನ್ನು ಕರೆದದ್ದು ಯಾವುದು ಎಂದು ಬರೆದಿಡುತ್ತದೆ. ಕರೆದವರ ಸರಪಳಿಯನ್ನು ಹಿಂಬಾಲಿಸಲು ಅಗ್ಗದ ದಾರಿ ಫ್ರೇಮ್ ಪಾಯಿಂಟರ್, ಅಂದರೆ ಸದ್ಯದ ಫಂಕ್ಷನ್ನಿನ ಸ್ಟ್ಯಾಕ್ ಫ್ರೇಮ್ ತೋರಿಸುವ ರಿಜಿಸ್ಟರ್. ಆದರೆ ಆಪ್ಟಿಮೈಸ್ ಮಾಡುವಾಗ ಜಿಸಿಸಿ ಕಂಪೈಲರ್ ಒಂದು ರಿಜಿಸ್ಟರ್ ಉಳಿಸಲು ಅದನ್ನೇ ಕೈಬಿಡುತ್ತದೆ. ಹಾಗೆ ಕಟ್ಟಿದ ಒಂದೇ ಒಂದು ಲೈಬ್ರರಿ ನಡುವೆ ಬಂದರೂ ಸರಪಳಿ ತುಂಡಾಗುತ್ತದೆ, ಇಲ್ಲವೇ ಕೊಂಡಿಯೊಂದು ಕಾಣೆಯಾಗುತ್ತದೆ. ಸಿಂಬಲ್‌ಗಳನ್ನೂ ಕಿತ್ತು ಹಾಕಿದ್ದರೆ ಫಂಕ್ಷನ್ನಿನ ಹೆಸರಿದ್ದ ಜಾಗದಲ್ಲಿ ಬರೀ ಮೆಮೊರಿ ವಿಳಾಸ ಉಳಿಯುತ್ತದೆ. ಎರಡನೆಯದಕ್ಕೆ ಪರಿಹಾರ ಬಂದಿದೆ: ಡಿಬಗ್ ಮಾಹಿತಿಯನ್ನು ಬೇಕಾದಾಗ ಮಾತ್ರ ಸರ್ವರಿನಿಂದ ತರಿಸುವ ಡಿಬಗ್‌ಇನ್ಫೋಡಿ. ಮೊದಲನೆಯದಕ್ಕೆ ಮರುಕಂಪೈಲ್ ಆಗಲೇಬೇಕು.

ಕೆಲವರು ಅಳೆಯಲೆಂದು ಎಲ್ಲರ ಯಂತ್ರವನ್ನೂ ನಿಧಾನ ಮಾಡುವುದೇಕೆ ಎಂಬುದು ನ್ಯಾಯವಾದ ಆಕ್ಷೇಪ. ಫ್ರೇಮ್ ಪಾಯಿಂಟರ್ ಉಳಿಸಿಕೊಳ್ಳುವ ಪ್ರಸ್ತಾವ ಫೆಡೋರಾದಲ್ಲಿ ಚರ್ಚೆಯಾದಾಗ ಮುಂದಿಟ್ಟ ಅಳತೆಗಳಲ್ಲಿ ಕರ್ನಲ್ ಕಂಪೈಲ್ ಸುಮಾರು ಶೇ 2ರಷ್ಟು ನಿಧಾನವಾಗಿತ್ತು. ಪೈಥಾನ್‌ಗೆ ಪೆಟ್ಟು ಇನ್ನೂ ಜೋರು. ಆ ಪ್ರಸ್ತಾವ ಮೊದಲು ಬಿದ್ದುಹೋದದ್ದೂ ನಿಜ. ಆದರೆ ಪೈಥಾನ್‌ನಂಥ ಪ್ಯಾಕೇಜಿಗೆ ವಿನಾಯಿತಿ ಕೊಡಬಹುದು, ಕೊಟ್ಟದ್ದೂ ಇದೆ. ಡ್ವಾರ್ಫ್ ಎಂಬ ಡಿಬಗ್ ಮಾಹಿತಿ ಇದೆಯಲ್ಲ, ಅದರಿಂದಲೇ ಸರಪಳಿ ಬಿಡಿಸಬಾರದೆ ಎನ್ನುವವರು ಲೆಕ್ಕ ಹಾಕಲಿ. ಆ ದಾರಿಯಲ್ಲಿ ಪರ್ಫ್ ಪ್ರತಿ ಸಲ ಇಣುಕಿ ತೆಗೆದ ಮಾದರಿಗೂ 8 ಕೆಬಿ ಸ್ಟ್ಯಾಕ್ ನಕಲು ಮಾಡುತ್ತದೆ. ಸೆಕೆಂಡಿಗೆ 4000 ಮಾದರಿ ಎಂದರೆ ದುಡಿಯುತ್ತಿರುವ ಒಂದೊಂದು ಕೋರ್‌ಗೂ ಸುಮಾರು 32 ಎಂಬಿ. ಅಳೆಯುವ ಕೆಲಸವೇ ಅಳತೆಯನ್ನು ಕೆಡಿಸಲು ಇಷ್ಟು ಸಾಕು. ಇನ್ನು ಶೇ 2ರ ನಷ್ಟ ಕಣ್ಣಿಗೆ ಕಾಣುವಂಥದ್ದು. ಸರಪಳಿ ಸಿಗದೆ ಯಾರೂ ಪತ್ತೆಹಚ್ಚದೆ ಉಳಿದ ನಿಧಾನಗತಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಫೆಡೋರಾ 38 (2023), ಉಬುಂಟು 24.04 (2024) ಎರಡೂ ಕೊನೆಗೆ ಫ್ರೇಮ್ ಪಾಯಿಂಟರ್ ಉಳಿಸಿಕೊಂಡೇ ಕಟ್ಟಲು ಒಪ್ಪಿದವು. ಸರಿಯಾದ ನಿರ್ಧಾರ. ಇಡೀ ವ್ಯವಸ್ಥೆಯನ್ನು ಮರುಕಂಪೈಲ್ ಮಾಡುವುದು ಬಳಕೆದಾರರ ಕೈಯಲ್ಲಾಗದ ಮಾತು. ಡಿಸ್ಟ್ರೋದವರಿಗೆ ಅದು ಕಂಪೈಲರ್ ಆಯ್ಕೆಗಳಲ್ಲಿ ಒಂದು ಸಾಲು. ಉಳಿದ ಡಿಸ್ಟ್ರೋಗಳೂ ಆ ಸಾಲು ಸೇರಿಸಲಿ.