ತಪ್ಪು ಮಸೂರದ್ದೋ, ಪರೀಕ್ಷೆಯದ್ದೋ?

ಹೊಸ ಲೆನ್ಸ್ ಕೊಂಡವರು ಮನೆಗೆ ಬಂದ ಕೂಡಲೇ ಮಾಡುವ ಕೆಲಸ, ಗೋಡೆಗೆ ದಿನಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ ಅದರ ಫೋಟೊ ತೆಗೆಯುವುದು. ಅನಂತರ ಮೇಜಿನ ಮೇಲೆ ಅಳತೆಪಟ್ಟಿಯನ್ನಿಟ್ಟು, ಓರೆಯಾಗಿ ನಿಂತು, ನಡುವಿನ ಗೆರೆಗೆ ಫೋಕಸ್ ಮಾಡಿ ಇನ್ನೊಂದು ಫೋಟೊ. ಕೊನೆಗೆ ಎರಡನ್ನೂ ಕಂಪ್ಯೂಟರಿನ ಪರದೆಯ ಮೇಲೆ ಹಿಗ್ಗಿಸಿ ನೋಡಿ ನಿಟ್ಟುಸಿರು ಬಿಡುವುದು. ಈ ಎರಡು ಪರೀಕ್ಷೆಗಳು ಬಹಳ ಕಾಲದಿಂದ ಬಳಕೆಯಲ್ಲಿವೆ. ಸರಳವಾದವು, ಖರ್ಚಿಲ್ಲದವು. ಆದರೆ ಹೆಚ್ಚು ಬೆಳಕು ಒಳಬಿಡುವ ಪ್ರೈಮ್ ಲೆನ್ಸುಗಳ ಮಟ್ಟಿಗೆ ಇವು ಕೊಡುವ ತೀರ್ಪನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ.

ನಾನೂ ಇದೇ ದಾರಿಯಲ್ಲಿ ನಡೆದು ಎಡವಿದವನು. ಕೆಲವು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ 50 ಮಿಮೀ ಎಫ್/1.8 ಲೆನ್ಸೊಂದನ್ನು ಕೊಂಡೆ. ಮಕ್ಕಳ ಮುಖದ ಫೋಟೊ ತೆಗೆದರೆ ಕಣ್ಣು ಮಸುಕು. ಕಿವಿಯ ಓಲೆ ಮಾತ್ರ ಸ್ಪಷ್ಟ. ಅಳತೆಪಟ್ಟಿಯ ಪರೀಕ್ಷೆಯೂ ನಿರಾಶೆಯನ್ನೇ ತಂದಿತು. ಲೆನ್ಸ್ ಕೆಟ್ಟದ್ದೆಂದು ತೀರ್ಮಾನಿಸಿ ರಿಪೇರಿಗೆ ಕೊಟ್ಟೆ. ದೋಷವಿಲ್ಲವೆಂದು ಹೇಳಿ, ತಪಾಸಣೆಯ ಶುಲ್ಕ ಪಡೆದು, ಹಿಂದಿರುಗಿಸಿದರು. ನಾನು ನಂಬಲಿಲ್ಲ. ಮದುವೆ ಫೋಟೊಗಳ ಕೆಲಸ ಆಗಷ್ಟೇ ಆರಂಭಿಸಿದ್ದ ಪರಿಚಯದ ಹುಡುಗನೊಬ್ಬನಿಗೆ, ಈ ಎಫ್/1.8 ಸಹವಾಸವೇ ಬೇಡ ಎಂದುಬಿಟ್ಟೆ. ಅವನು ಸಾಲ ಮಾಡಿ ಹಲವು ಪಟ್ಟು ಬೆಲೆಯ ಎಫ್/1.4 ಲೆನ್ಸನ್ನು ಕಂತಿನಲ್ಲಿ ಕೊಂಡ. ಆಮೇಲೊಂದು ದಿನ ನನ್ನ ಲೆನ್ಸನ್ನು ಗೆಳೆಯರ ಕ್ಯಾಮೆರಾಕ್ಕೆ ತೊಡಿಸಿದಾಗ ಕಣ್ಣಿನ ರೆಪ್ಪೆಗಳು ಒಂದೊಂದಾಗಿ ಎಣಿಸುವಂತೆ ಮೂಡಿದವು. ಅಸಲಿಗೆ ಆ ಓಲೆಯೇ ಉತ್ತರ ಹೇಳುತ್ತಿತ್ತು. ಓಲೆ ಸ್ಪಷ್ಟವಾಗಿದ್ದರೆ ಲೆನ್ಸ್ ಸ್ಫುಟವಾಗಿಯೇ ಇದೆ. ಫೋಕಸ್ ಮಾತ್ರ ಬೇರೆಡೆ ಕುಳಿತಿದೆ.

ಸ್ಫುಟತೆ ಮತ್ತು ಫೋಕಸಿನ ನಿಖರತೆ ಎರಡು ಬೇರೆ ಸಂಗತಿಗಳು. ಮೊದಲನೆಯದು ಗಾಜಿನ ಗುಣ: ಮಸೂರದ ವಕ್ರತೆ, ಗಾಜಿನ ಆಯ್ಕೆ, ಜೋಡಣೆಯ ನೇರ. ಎರಡನೆಯದು ಕ್ಯಾಮೆರಾ, ಲೆನ್ಸಿನ ಮೋಟಾರು, ವಸ್ತುವಿನ ದೂರ, ಬೆಳಕು, ಕೈ ನಡುಕ ಎಲ್ಲವೂ ಸೇರಿದ ಫಲ. ಪರದೆಯ ಮೇಲೆ ಎರಡೂ ಕಾಣುವುದು ಒಂದೇ ರೂಪದಲ್ಲಿ, ಮಸುಕಾಗಿ. ಜನಪ್ರಿಯ ಪರೀಕ್ಷೆಗಳ ಮೇಲೆ ನನ್ನ ಮುಖ್ಯ ಆಕ್ಷೇಪ, ಅವು ಈ ಎರಡನ್ನೂ ಬೆರೆಸಿ ಒಂದೇ ಅಂಕ ಕೊಡುತ್ತವೆ ಎಂಬುದು.

ಬೆರಕೆ ಎಷ್ಟು ಅಪಾಯಕಾರಿ ಎಂಬುದನ್ನು ಲೆಕ್ಕ ಹಾಕಿ ನೋಡೋಣ. 35 ಮಿಮೀ ಚೌಕಟ್ಟಿನ ಚಿತ್ರಕ್ಕೆ 0.03 ಮಿಮೀ ವ್ಯಾಸದ ಮಸುಕನ್ನು ಸಹಿಸಬಹುದೆಂಬುದು ಫಿಲ್ಮ್ ಕಾಲದಿಂದ ಬಂದ ರೂಢಿ. ಅದರಂತೆ 50 ಮಿಮೀ ಎಫ್/1.8 ಲೆನ್ಸಿನಲ್ಲಿ ಒಂದು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ಪಟ್ಟಿಯ ಆಳ ಸುಮಾರು 4 ಸೆಂಮೀ. ಆದರೆ 24 ಮೆಗಾಪಿಕ್ಸೆಲ್ ಸಂವೇದಕದಲ್ಲಿ ಒಂದೊಂದು ಪಿಕ್ಸೆಲ್ಲಿನ ಅಗಲ ಸುಮಾರು 0.006 ಮಿಮೀ ಮಾತ್ರ. ಪಿಕ್ಸೆಲ್ ಮಟ್ಟಕ್ಕೆ ಹಿಗ್ಗಿಸಿ ನೋಡುವವರಿಗೆ ಆ 4 ಸೆಂಮೀ ಕುಗ್ಗಿ 8 ಮಿಮೀ ಆಗುತ್ತದೆ. ನಿಂತ ಮನುಷ್ಯ ಉಸಿರಾಡುವಾಗ ಅತ್ತಿತ್ತ ವಾಲುವುದೇ ಇದಕ್ಕಿಂತ ಹೆಚ್ಚು! ಕ್ಯಾಮೆರಾದ ಒಳಗೆ ಲೆಕ್ಕ ಇನ್ನೂ ಬಿಗಿ. ಸಂವೇದಕದ ಬಳಿ ತಪ್ಪಿಗೆ ಸಿಗುವ ಅವಕಾಶ ಒಟ್ಟು 22 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಬಹಳ ಕಡಿಮೆ.

ಈಗ ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾದ ರಚನೆಯನ್ನು ನೆನಪಿಸಿಕೊಳ್ಳಿ. ಮುಖ್ಯ ಕನ್ನಡಿಯನ್ನು ಹಾದು ಬಂದ ಸ್ವಲ್ಪ ಬೆಳಕು ಹಿಂದಿನ ಕಿರುಗನ್ನಡಿಗೆ ತಗುಲಿ, ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸಂವೇದಕಕ್ಕೆ ಹೋಗುತ್ತದೆ. ಚಿತ್ರ ಮೂಡುವುದು ಅಲ್ಲಲ್ಲ, ಬೇರೊಂದು ಸಂವೇದಕದ ಮೇಲೆ. ಎರಡೂ ದಾರಿಗಳ ಉದ್ದ ಸರಿಸಮವಾಗಿರಬೇಕು. ಕಿರುಗನ್ನಡಿ ಕೂದಲೆಳೆಯಷ್ಟು ವಾಲಿದರೂ ಕ್ಯಾಮೆರಾ ‘ಸರಿಯಾಯಿತು’ ಎಂದು ಸದ್ದು ಮಾಡುತ್ತದೆ, ಚಿತ್ರ ಮಾತ್ರ ಹಿಂದಕ್ಕೋ ಮುಂದಕ್ಕೋ ಜಾರಿರುತ್ತದೆ. ಸಾಧಾರಣ ಎಫ್/5.6 ಜೂಮ್ ಲೆನ್ಸಿನಲ್ಲಿ ಈ ತಪ್ಪು ಡೆಪ್ತ್ ಆಫ್ ಫೀಲ್ಡಿನೊಳಗೆ ಅಡಗಿಕೊಳ್ಳುತ್ತದೆ. ಎಫ್/1.8 ಅದನ್ನು ಬಯಲಿಗೆಳೆಯುತ್ತದೆ, ಹಾಗೆ ಬಯಲಿಗೆಳೆದ ತಪ್ಪಿಗೆ ತಾನೇ ಬೈಗುಳ ತಿನ್ನುತ್ತದೆ.

2007ರ ಸುಮಾರಿಗೆ ಮೇಲ್ದರ್ಜೆಯ ಕ್ಯಾಮೆರಾಗಳಲ್ಲಿ ಪ್ರತಿ ಲೆನ್ಸಿಗೂ ಫೋಕಸನ್ನು ಕೊಂಚ ಹಿಂದೆಮುಂದೆ ಸರಿಪಡಿಸುವ ಸೌಲಭ್ಯ ಬಂದಿತು. ಅಗ್ಗದ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಇರಲಿಲ್ಲ, ನನ್ನದರಲ್ಲೂ ಇಲ್ಲ. ಕನ್ನಡಿರಹಿತ ಕ್ಯಾಮೆರಾಗಳು ಚಿತ್ರ ಮೂಡುವ ಸಂವೇದಕದಿಂದಲೇ ಫೋಕಸ್ ಮಾಡುವುದರಿಂದ ದಾರಿಗಳ ಅಸಮತೆಯ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆದರೂ ಹಳೆಯ ಎಸ್‌ಎಲ್‌ಆರ್‌ಗಳು ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇವೆ. ಕಡಿಮೆ ಹಣದಲ್ಲಿ ವೃತ್ತಿ ಆರಂಭಿಸುವವರು ಕೊಳ್ಳುವುದು ಹೆಚ್ಚಾಗಿ ಅವನ್ನೇ.

ಗಾಜಿನದೇ ಆದ ತೊಡಕೊಂದಿದೆ. ಅದು ಕನ್ನಡಿಯಿದ್ದರೂ ಇಲ್ಲದಿದ್ದರೂ ತಪ್ಪಿದ್ದಲ್ಲ. ಗೋಳೀಯ ಮಸೂರದ ಅಂಚಿನಿಂದ ಹಾದ ಕಿರಣಗಳು ನಡುವಿನಿಂದ ಹಾದವುಗಳಿಗಿಂತ ಮಸೂರಕ್ಕೆ ಹತ್ತಿರದಲ್ಲಿ ಕೂಡುತ್ತವೆ. ಇದೇ ಗೋಳೀಯ ವಿಪಥನ. 1896ರಲ್ಲಿ ಝೈಸ್ ಸಂಸ್ಥೆಯ ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್‌ನ ಕುಲಕ್ಕೆ ಸೇರಿದ ಇಂದಿನ 50 ಮಿಮೀ ಲೆನ್ಸುಗಳಲ್ಲೂ ಇದು ಅಲ್ಪಸ್ವಲ್ಪ ಉಳಿದಿರುತ್ತದೆ. ಅಪರ್ಚರನ್ನು ಕಿರಿದು ಮಾಡಿದಾಗ ಅಂಚಿನ ಕಿರಣಗಳಿಗೆ ತಡೆಯಾಗಿ, ಅತ್ಯುತ್ತಮ ಫೋಕಸಿನ ತಾಣವೇ ಸರಿಯುತ್ತದೆ. ಎಫ್/1.8ರಲ್ಲಿ ಫೋಕಸ್ ಮಾಡಿ ಎಫ್/2.8ರಲ್ಲಿ ಚಿತ್ರ ತೆಗೆದರೆ ಸ್ಪಷ್ಟತೆ ಕಣ್ಣಿನಿಂದ ಕಿವಿಯ ಕಡೆಗೆ ಜಾರಬಹುದು. ಝೈಸ್‌ನವರದೇ 50 ಮಿಮೀ ಎಫ್/1.5 ಸಿ-ಸೊನ್ನಾರ್ ಈ ಗುಣಕ್ಕೆ ಹೆಸರಾದದ್ದು. ಅದನ್ನು ಬಲ್ಲವರು ಅದಕ್ಕೆ ತಕ್ಕಂತೆ ಬಳಸುತ್ತಾರೆ, ಅರಿಯದವರು ದೂರುತ್ತಾರೆ.

ಓರೆ ಅಳತೆಪಟ್ಟಿಯ ಪರೀಕ್ಷೆಗೆ ಬರೋಣ. ಕ್ಯಾಮೆರಾದ ಕಿಂಡಿಯಲ್ಲಿ ಕಾಣುವ ಚಿಕ್ಕ ಚೌಕಕ್ಕಿಂತ ನಿಜವಾದ ಫೋಕಸ್ ಸಂವೇದಕ ವ್ಯಾಪಿಸುವ ಜಾಗ ಸಾಮಾನ್ಯವಾಗಿ ದೊಡ್ಡದು. ಓರೆಯಾಗಿಟ್ಟ ಪಟ್ಟಿಯಲ್ಲಿ ಆ ಜಾಗದೊಳಗೆ ನಾಲ್ಕಾರು ಗೆರೆಗಳು ಬೇರೆ ಬೇರೆ ದೂರದಲ್ಲಿರುತ್ತವೆ. ಯಾವುದನ್ನು ಹಿಡಿಯಬೇಕೆಂದು ಕ್ಯಾಮೆರಾಕ್ಕೆ ಯಾರು ಹೇಳಬೇಕು? ಅದು ತನಗೆ ತೋಚಿದ್ದನ್ನು ಹಿಡಿಯುತ್ತದೆ, ನಾವು ‘ಒಂದು ಸೆಂಟಿಮೀಟರ್ ತಪ್ಪಿದೆ’ ಎಂದು ಬರೆದುಕೊಳ್ಳುತ್ತೇವೆ. ಗುರಿ ಲೆನ್ಸಿಗೆ ನೇರ ಎದುರಾಗಿ ನಿಂತಿರಬೇಕು, ಅಳತೆಪಟ್ಟಿ ಅದರ ಪಕ್ಕದಲ್ಲಿ ಓರೆಯಾಗಿರಬೇಕು. ಬಿಸ್ಕತ್ತಿನ ಡಬ್ಬಿಯ ಮುಖಕ್ಕೆ ಅಚ್ಚಾದ ಕಾಗದ ಅಂಟಿಸಿ, ಪಕ್ಕದಲ್ಲಿ ಸ್ಕೇಲನ್ನು ಒರಗಿಸಿದರೆ ಸಾಕು. ಒಂದೇ ಚಿತ್ರ ನೋಡಿ ತೀರ್ಪು ಕೊಡುವುದು ಇನ್ನೊಂದು ದೋಷ. ಪ್ರತಿ ಸಲವೂ ಫೋಕಸನ್ನು ಪೂರ್ತಿ ಕೆಡಿಸಿ ಮತ್ತೆ ಹಿಡಿಸಿ ಹತ್ತು ಚಿತ್ರ ತೆಗೆಯಿರಿ. ಹತ್ತೂ ಒಂದೇ ಕಡೆಗೆ ಜಾರಿದ್ದರೆ ಅದು ಸರಿಪಡಿಸಬಹುದಾದ ತಪ್ಪು. ಹಿಂದೆ ಮುಂದೆ ಚೆದರಿದ್ದರೆ ಯಾವ ಹೊಂದಾಣಿಕೆಯೂ ಅದನ್ನು ನೀಗಿಸದು. ಕೋಣೆಯ ಹಳದಿ ದೀಪದಲ್ಲಿ ಬಂದ ಫಲಿತಾಂಶ ಹಗಲಿನಲ್ಲಿ ಬದಲಾಗುವುದೂ ಉಂಟು.

ಗೋಡೆಯ ದಿನಪತ್ರಿಕೆಯ ತೊಂದರೆ ಬೇರೆ. ಎಫ್/1.8ರಲ್ಲಿ ಗೋಡೆಗೆ ಕ್ಯಾಮೆರಾ ಸ್ವಲ್ಪ ವಾಲಿದ್ದರೂ ಒಂದು ಬದಿ ಮಸುಕಾಗುತ್ತದೆ, ಲೆನ್ಸಿನ ಮೂಲೆ ಕೆಟ್ಟಿದೆ ಎಂಬ ಆರೋಪ ಬರುತ್ತದೆ. ಇದಕ್ಕೊಂದು ಹಳೆಯ ಉಪಾಯವಿದೆ. ಗೋಡೆಗೆ ಸಪಾಟಾದ ಕನ್ನಡಿಯನ್ನು ಒತ್ತಿಟ್ಟು ಕ್ಯಾಮೆರಾದಲ್ಲಿ ನೋಡಿ; ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಎರಡೂ ಸಮಾಂತರ. ಸ್ಫುಟತೆಯ ಪರೀಕ್ಷೆಯಲ್ಲಿ ಆಟೊಫೋಕಸ್ಸಿಗೆ ಜಾಗವೇ ಇರಬಾರದು. ಟ್ರೈಪಾಡಿನ ಮೇಲಿಟ್ಟು, ಲೈವ್ ವ್ಯೂ ಚಿತ್ರವನ್ನು ಹಿಗ್ಗಿಸಿ ಕೈಯಿಂದ ಫೋಕಸ್ ಮಾಡಿ, ಟೈಮರಿನಿಂದ ಶಟರ್ ಬಿಡಬೇಕು. ಹೀಗೆ ತೆಗೆದ ಚಿತ್ರ ಚೆನ್ನಾಗಿದ್ದು ಆಟೊಫೋಕಸ್ಸಿನ ಚಿತ್ರ ಕೆಟ್ಟಿದ್ದರೆ, ಗಾಜು ನಿರಪರಾಧಿ.

ವಿಜ್ಞಾನ ಕೂಟಗಳಲ್ಲಿ ಆಕಾಶ ವೀಕ್ಷಣೆ ನಡೆಸುವವರಿಗೆ ಇದಕ್ಕಿಂತ ಉತ್ತಮ ಪರೀಕ್ಷಾ ಫಲಕ ಪುಕ್ಕಟೆಯಾಗಿ ಸಿಗುತ್ತದೆ. ನಕ್ಷತ್ರಗಳೆಲ್ಲ ಬಿಂದುಗಳು, ಎಲ್ಲವೂ ಅನಂತ ದೂರದಲ್ಲಿವೆ. ಸಮಾಂತರದ ಗೊಡವೆ ಇಲ್ಲ. 50 ಮಿಮೀ ಲೆನ್ಸಿನಲ್ಲಿ ಒಂದೂವರೆ ಸೆಕೆಂಡಿನೊಳಗೆ ಚಿತ್ರ ತೆಗೆದರೆ ಭೂಮಿಯ ತಿರುಗುವಿಕೆಯಿಂದಾಗುವ ಎಳೆತ ಒಂದು ಪಿಕ್ಸೆಲ್ ದಾಟದು. ಪೂರ್ತಿ ತೆರೆದ ಅಪರ್ಚರಿನಲ್ಲಿ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುವುದು ಸಹಜ. ನಾಲ್ಕೂ ಮೂಲೆಗಳಲ್ಲಿ ರೆಕ್ಕೆಗಳು ಒಂದೇ ಬಗೆಯಲ್ಲಿದ್ದರೆ ಅದು ವಿನ್ಯಾಸದ ಗುಣ. ಒಂದು ಮೂಲೆ ಮಾತ್ರ ವಿಕಾರವಾಗಿದ್ದರೆ ಒಳಗಿನ ಗಾಜೊಂದು ನಡುವಿನಿಂದ ಸರಿದಿರಬಹುದು. ಆಗ ಲೆನ್ಸನ್ನು ಧಾರಾಳವಾಗಿ ಹಿಂದಿರುಗಿಸಿ.

ಪ್ರಯೋಗಾಲಯದ ಅಂಕಿಗಳನ್ನಾದರೂ ಕಣ್ಣುಮುಚ್ಚಿ ನಂಬಬಹುದೇ? ಓರೆ ಅಂಚಿನ ಚಿತ್ರದಿಂದ ಸ್ಫುಟತೆಯನ್ನು ಲೆಕ್ಕಹಾಕುವ ಐಎಸ್‌ಒ 12233 ವಿಧಾನ ಮೊದಲು ಪ್ರಕಟವಾದದ್ದು 2000ದಲ್ಲಿ. ವಿಧಾನ ಒಳ್ಳೆಯದೇ. ಆದರೆ ಅಂಕ ಬರುವುದು ಲೆನ್ಸ್, ಸಂವೇದಕ, ಚಿತ್ರ ಸಂಸ್ಕರಣೆ ಮೂರೂ ಸೇರಿ. ಕ್ಯಾಮೆರಾದೊಳಗಿನ ತಂತ್ರಾಂಶ ಅಂಚುಗಳನ್ನು ಹರಿತಗೊಳಿಸಿದ್ದರೆ ಗಾಜಿನ ಪಾಲಿಗೆ ಪುಕ್ಕಟೆ ಅಂಕ. ಕೆಲವು ತಯಾರಕರು ಪ್ರಕಟಿಸುವ ಎಂಟಿಎಫ್ ರೇಖೆಗಳು ವಿನ್ಯಾಸದ ಲೆಕ್ಕಾಚಾರಗಳೇ ಹೊರತು ತಯಾರಾದ ಲೆನ್ಸಿನ ಅಳತೆಗಳಲ್ಲ. ಅಮೆರಿಕದಲ್ಲಿ ಲೆನ್ಸುಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆ ಕಟ್ಟಿದ ರೋಜರ್ ಸಿಕಾಲಾ, ಒಂದೇ ಮಾದರಿಯ ಅನೇಕ ಲೆನ್ಸುಗಳನ್ನು ಆಪ್ಟಿಕಲ್ ಬೆಂಚಿನ ಮೇಲೆ ಅಳೆದು ಪ್ರತಿಯಿಂದ ಪ್ರತಿಗೆ ಎಷ್ಟು ವ್ಯತ್ಯಾಸ ಇರುತ್ತದೆಂದು ತೋರಿಸಿದ್ದಾರೆ. ಹೀಗಿರುವಾಗ ಒಂದೇ ಪ್ರತಿಯನ್ನು ಪರೀಕ್ಷಿಸಿ ಇಡೀ ಮಾದರಿಗೆ ದಶಾಂಶದವರೆಗೆ ಅಂಕ ಕೊಡುವ ವಿಮರ್ಶೆಗಳನ್ನು ಓದುವಾಗ ಆ ದಶಾಂಶವನ್ನು ಅಳಿಸಿ ಓದುವುದು ಕ್ಷೇಮ.

ಪರೀಕ್ಷೆಯ ಸಲಕರಣೆಯೇ ತಪ್ಪಿದ್ದಾಗ ಏನಾಗುತ್ತದೆ ಎಂಬುದಕ್ಕೆ ಹಬಲ್ ದೂರದರ್ಶಕದಷ್ಟು ದುಬಾರಿ ಉದಾಹರಣೆ ಇನ್ನೊಂದಿಲ್ಲ. 1990ರಲ್ಲಿ ಕಕ್ಷೆ ಸೇರಿದ ಅದರ 2.4 ಮೀಟರ್ ದರ್ಪಣವನ್ನು ಬಹಳ ನಾಜೂಕಾಗಿ ಉಜ್ಜಲಾಗಿತ್ತು, ಆದರೆ ತಪ್ಪು ಆಕಾರಕ್ಕೆ. ಆಕಾರವನ್ನು ಪರೀಕ್ಷಿಸುವ ಸಲಕರಣೆಯಲ್ಲಿ ಮಸೂರವೊಂದು 1.3 ಮಿಮೀ ಆಚೆ ಕುಳಿತಿತ್ತು. ದರ್ಪಣದ ಅಂಚು ಬೇಕಾದುದಕ್ಕಿಂತ ಸುಮಾರು 2.2 ಮೈಕ್ರಾನ್ ಚಪ್ಪಟೆಯಾಯಿತು. ಬಂದದ್ದು ಅದೇ ಗೋಳೀಯ ವಿಪಥನ. ಬೇರೆ ಎರಡು ಸಲಕರಣೆಗಳು ದೋಷದ ಸುಳಿವು ಕೊಟ್ಟಿದ್ದವು. ಅವು ಅಷ್ಟು ನಿಖರವಲ್ಲವೆಂದು ಬದಿಗೆ ಸರಿಸಲಾಗಿತ್ತು! 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ತಿದ್ದುವ ದೃಗುಪಕರಣಗಳನ್ನು ಅಳವಡಿಸಬೇಕಾಯಿತು.

ನನಗೂ ಗೆಳೆಯರ ಕ್ಯಾಮೆರಾ ಎರಡನೆಯ ಸಲಕರಣೆಯಾಗಿ ಒದಗಿತು, ತಡವಾಗಿ. ನನ್ನ ಕ್ಯಾಮೆರಾವನ್ನು ಆಮೇಲೆ ಸರ್ವಿಸಿನವರು ಹೊಂದಿಸಿಕೊಟ್ಟರು. ಮದುವೆ ಫೋಟೊದ ಹುಡುಗನ ಕ್ಯಾಮೆರಾಕ್ಕೆ ನನ್ನ ಎಫ್/1.8 ತೊಡಿಸಿ, ಡಬ್ಬಿಯನ್ನಿಟ್ಟು ಹತ್ತು ಚಿತ್ರ ತೆಗೆದೆವು, ಒಂಬತ್ತು ಸರಿಯಾಗಿದ್ದವು. ಅವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ. ಅವನ ಕಂತುಗಳಲ್ಲಿ ಇನ್ನೂ ಏಳು ಬಾಕಿ ಇದ್ದವು.