ಎಲ್ಲೆಯ ಮಾತು: ಇಂಗ್ಲಿಷಿನಲ್ಲಿ, ಕನ್ನಡದಲ್ಲಿ

ಕನ್ನಡದ 'ಗಡಿಯಲ್ಲಿ' ಎಂಬ ಒಂದೇ ಸಪ್ತಮಿಗೆ ಇಂಗ್ಲಿಷಿನಲ್ಲಿ ಹಲವು ರೂಪಗಳುಂಟು. ಊರು ಗಡಿಗೆ ತಾಗಿದ್ದರೆ 'ಆನ್ ದಿ ಬಾರ್ಡರ್'. ಪ್ರಯಾಣಿಕನನ್ನು ಅಲ್ಲಿ ತಡೆದರೆ 'ಅಟ್ ದಿ ಬಾರ್ಡರ್'. ನಾಡಿನೊಳಗೆ ಎಂಬರ್ಥಕ್ಕೆ 'ವಿದಿನ್ ದಿ ಬಾರ್ಡರ್ಸ್'. ಎಲ್ಲೆಡೆಯೂ 'ಇನ್' ಎಂದು ಬರೆಯುವುದು ಸಪ್ತಮಿಯ ಮೋಹವೇ ಸರಿ.

ಅನುವಾದದಲ್ಲಿ ಈ ಭೇದವು ಅರ್ಥವನ್ನೇ ಬದಲಿಸಬಲ್ಲದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿಗೆ ಕಾವೇರಿ, ಗೋದಾವರಿಗಳನ್ನು ಎಲ್ಲೆಯಾಗಿ ಹೇಳುತ್ತದೆ. ಅದನ್ನು 'ಬಿಟ್ವೀನ್' ಎಂದು ಅನುವಾದಿಸಿದರೆ ನದಿಗಳೇ ಹೊರಗುಳಿದಂತೆ ತೋರುವುದು. ಪಾಣಿನೀಯ ವ್ಯಾಕರಣವು 'ಆಙ್' ಅವ್ಯಯದಲ್ಲಿ ಎಲ್ಲೆಯನ್ನು ಬಿಡುವ ಮರ್ಯಾದೆಯನ್ನೂ ಸೇರಿಸಿಕೊಳ್ಳುವ ಅಭಿವಿಧಿಯನ್ನೂ ಬೇರ್ಪಡಿಸಿತು. ಕನ್ನಡದ 'ವರೆಗೆ' ಆ ಭೇದವನ್ನು ತೋರದು. ಆದುದರಿಂದ ಅನುವಾದಕನು ಎಲ್ಲೆಯು ಒಳಗೋ ಹೊರಗೋ ಎಂಬುದನ್ನು ಮೊದಲು ನಿರ್ಣಯಿಸಬೇಕು. 1956ರ ಪುನರ್ವಿಂಗಡಣೆಯ ಬಳಿಕವೂ ಗಡಿವಿವಾದ ತೀರದ ನಾಡಿಗೆ ಇದು ಸಣ್ಣ ಮಾತಲ್ಲ.