ಒಂದೇ ನೊಗದ ಹತ್ತಿರ

ವಲಸಿಗರ ಕಥೆಗಳನ್ನು ವಿಮರ್ಶಿಸುವಾಗ ನಾನು ಎಷ್ಟೋ ಸಲ 'ಜಕ್ಸ್ಟಪೋಸಿಷನ್' ಎಂದು ಬರೆದಿದ್ದೇನೆ. ಇಲ್ಲಿಯ ಹಿಮ, ಊರಿನ ಮಳೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು ಎಂಬಂತೆ. ಆ ಪದದೊಳಗಿರುವುದು ಲ್ಯಾಟಿನ್ನಿನ 'ಯುಕ್ಸ್ತಾ'. ಅರ್ಥ, ಹತ್ತಿರ. ಆದರೆ ಅದು ಮೊಳ ಹಾಕಿ ಅಳೆಯುವ ಹತ್ತಿರವಲ್ಲ. ನೊಗ ಎಂಬರ್ಥದ 'ಯುಗುಮ್' ಅದರ ಒಡಹುಟ್ಟು. ಸಂಸ್ಕೃತದ ಯುಗ, ಯೋಗಗಳು ದಾಯಾದಿಗಳು. ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳ ಹತ್ತಿರ ಅದು.

ಅದಕ್ಕೇ ಇತಿಹಾಸಕಾರ ಸಾಲ್ಲುಸ್ಟ್ ಆ ಪದವನ್ನು 'ಸರಿಸಮವಾಗಿ' ಎಂಬರ್ಥದಲ್ಲಿ ಬಳಸುತ್ತಾನೆ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಜೆರೋಮನಲ್ಲಿ ಅದು 'ಅನುಸಾರವಾಗಿ' ಎಂದೂ ಆಗುತ್ತದೆ. ಮುಂದೆ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ 'ಜೌಸ್ಟ್', ಅಂದರೆ ಕುದುರೆಯೇರಿ ಈಟಿ ಹಿಡಿದು ಕಾದುವುದು, ಇದೇ ಬೇರಿನದು. ನಾವು ಬಸ್ಸಿನಲ್ಲಿ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎನ್ನುವಾಗಿನ ಅಡ್ಜಸ್ಟ್ ಕೂಡ. ಹತ್ತಿರ ಬಂದವರು ಕಾದಾಡುತ್ತಾರೆ, ಇಲ್ಲವೇ ಹೊಂದಿಕೊಳ್ಳುತ್ತಾರೆ. ನಮ್ಮ 'ಹತ್ತಿರ'ವೂ ಅಂಟಿಕೊಳ್ಳು ಎಂಬರ್ಥದ 'ಹತ್ತು' ಧಾತುವಿನದೇ.

ಹಾಗಾದರೆ ಹಿಮ, ಮಳೆ ಒಂದೇ ಪುಟದಲ್ಲಿ ಬಿದ್ದರೆ ಸಾಲದು. ಒಂದು ಎಳೆದಾಗ ಇನ್ನೊಂದರ ಹೆಗಲು ನೋಯಬೇಕು. ನೋಯದ ಕಥೆಗಳನ್ನೂ ಈ ಪದ ಬಳಸಿ ಹೊಗಳಿದ್ದೇನೆ. ಆ ಹೊಗಳಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ.